ಆಟಿ ಅಮಾವಾಸ್ಯೆಗೆ ಒಂದು ಬಾವಿ ಹಗ್ಗ

ಇದು ಪುಣ್ಯ ಕಟ್ಟಿಕೊಳ್ಳೋಣ ಅಂತ ಹೊರಟ ಪ್ರವಾಸ ಅಲ್ಲ. ಒಂದು ಹಗ್ಗದ ಬಾಕಿ ಇತ್ತು, ಅದನ್ನು ತೀರಿಸಲು ಹೋದದ್ದು.

ಎರಡು ವರ್ಷದ ಹಿಂದೆ ವಿಟ್ಲದ ಹತ್ತಿರ ಇರುವ ಗೆಳೆಯನ ಮನೆಯಲ್ಲಿ ನನಗೆ ಉಬ್ಬಸ ಬಂದಿತ್ತು. ನಾನು ಕೋಲಾರದವನು, ಒಣ ಗಾಳಿಗೆ ಒಗ್ಗಿದ ಎದೆ. ಅಲ್ಲಿನ ಥಂಡಿ, ಅಟ್ಟದ ಮೇಲಿದ್ದ ಅಡಿಕೆಯ ಬೂಷ್ಟು ಎರಡೂ ಸೇರಿ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಉಸಿರಿಗೆ ಒದ್ದಾಡುತ್ತಿದ್ದೆ. ಇನ್‌ಹೇಲರ್ ಬ್ಯಾಗಿನ ತಳಕ್ಕೆ ಸೇರಿತ್ತು. ಅದು ಕೈಗೆ ಸಿಗುವಷ್ಟರಲ್ಲಿ ಗೆಳೆಯನ ಅಮ್ಮ ದೇವರ ದೀಪದ ಮುಂದೆ ನಿಂತು ಹರಕೆ ಹೇಳಿ ಆಗಿತ್ತು: ಈ ಹುಡುಗನ ಉಸಿರು ಸರಿಯಾದರೆ ನರಹರಿ ಪರ್ವತಕ್ಕೆ ಬಾವಿ ಹಗ್ಗ.

ಉಬ್ಬಸಕ್ಕೂ ಹಗ್ಗಕ್ಕೂ ಏನು ಸಂಬಂಧ ಅಂತ ಬೆಳಿಗ್ಗೆ ಕೇಳಿದೆ. “ಕೊಡ ಮೇಲೆ ಬರುವಾಗ ಹಗ್ಗ ಸಿಕ್ಕಿಹಾಕಿಕೊಂಡರೆ ಹೇಗಾಗ್ತದೆ? ನಿನ್ನೆ ರಾತ್ರಿ ನಿನಗೆ ಹಾಗೇ ಆದದ್ದು” ಅಂದರು. ನನ್ನ ಡಾಕ್ಟರು ಕೂಡ ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ.

ಆಮೇಲೆ ಫೋನ್ ಮಾಡಿದಾಗೆಲ್ಲ ಕೊನೆಗೆ ಒಂದೇ ಮಾತು. “ಹಗ್ಗ ಬಾಕಿ ಉಂಟು, ನೆನಪಿರಲಿ.” 2025ರಲ್ಲಿ ಆಟಿ ಅಮಾವಾಸ್ಯೆ, ಅಂದರೆ ತುಳುವರು ತೀರ್ಥಸ್ನಾನ ಮಾಡುವ ಆಟಿ ತಿಂಗಳ ಅಮಾವಾಸ್ಯೆ, ಜುಲೈ 24ಕ್ಕೆ, ಗುರುವಾರ ಬಂತು. ರಜೆ ಸಿಕ್ಕಿತು. ಹೊರಟೆ.

ಮೊದಲ ದಿನ, ಬುಧವಾರ

ಶಿರಾಡಿ ಘಾಟಿಯಲ್ಲಿ ಮಳೆ, ಬಸ್ಸು ಎರಡು ಗಂಟೆ ತಡ. ಮಂಗಳೂರಲ್ಲಿ ಇಳಿದಾಗ ಗೆಳೆಯ ಕೊಡೆ ಹಿಡಿದು ನಿಂತಿದ್ದ. “ಮನೆಗೆ ಹೋಗುವ ಮೊದಲು ಕದ್ರಿಗೆ ಹೋಗುವ, ಹೇಗೂ ಮಿಂದಿಲ್ಲವಲ್ಲ” ಅಂದ.

ಕದ್ರಿ ಮಂಜುನಾಥ ದೇವಸ್ಥಾನದ ಹಿಂದೆ ಗುಡ್ಡ. ಗುಡ್ಡದ ಬುಡದಲ್ಲಿ ಗೋಮುಖ. ಅದರಿಂದ ಬೀಳುವ ನೀರು ಕೆಳಗಿನ ಕೆರೆಗಳಿಗೆ ಹರಿಯುತ್ತದೆ. ಜನ ಅಲ್ಲಿ ಮುಳುಗು ಹಾಕಿ ಒದ್ದೆ ಬಟ್ಟೆಯಲ್ಲೇ ದೇವರ ಹತ್ತಿರ ಹೋಗುತ್ತಾರೆ. ಕೆರೆ ಏಳು ಅನ್ನುವವರೂ ಇದ್ದಾರೆ, ಒಂಬತ್ತು ಅನ್ನುವವರೂ ಇದ್ದಾರೆ. ನಾನು ಎಣಿಸಲು ಹೋಗಿ ಒಂದು ಸಣ್ಣ ಹೊಂಡವನ್ನು ಕೆರೆ ಅನ್ನಬೇಕೋ ಬೇಡವೋ ಅನ್ನುವಲ್ಲಿ ಸಿಕ್ಕಿಹಾಕಿಕೊಂಡೆ.

ಗೋಮುಖದ ನೀರಿಗೆ ಕಾಶಿ ಭಾಗೀರಥಿ ತೀರ್ಥ ಅಂತ ಹೆಸರು. ಕಾಶಿಯ ಗಂಗೆ ನೆಲದ ಒಳಗಿಂದಲೇ ಹರಿದು ಇಲ್ಲಿ ಮೇಲೆ ಬರುತ್ತಾಳೆ ಅಂತ ನಂಬಿಕೆ. ನಕಾಶೆಯಲ್ಲಿ ನೇರ ಗೆರೆ ಎಳೆದರೂ ಸುಮಾರು 1,600 ಕಿಲೋಮೀಟರ್ ಆಗುತ್ತದೆ. ನಡುವೆ ನರ್ಮದೆ, ಗೋದಾವರಿ, ಕೃಷ್ಣೆ ಎಲ್ಲ ಇದ್ದಾರೆ. ಅವರ ಯಾರ ಕಣ್ಣಿಗೂ ಬೀಳದೆ ಕೆಳಗಿಂದ ನುಸುಳಿ ಬರಬೇಕು.

ನಗು ಬಂತು. ಆದರೆ ನಗುವ ಹಕ್ಕು ನನಗಿಲ್ಲ. ನಮ್ಮ ಕೋಲಾರದ ಶತಶೃಂಗ ಬೆಟ್ಟದಲ್ಲಿ ಅಂತರಗಂಗೆ ಇದೆ. ಅಲ್ಲೂ ಕಾಶಿ ವಿಶ್ವೇಶ್ವರ, ಅಲ್ಲೂ ಕಲ್ಲು ಬಸವನ ಬಾಯಿಂದ ನೀರು, ಅಲ್ಲೂ ಇದೇ ಮಾತು. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಜಿಲ್ಲೆ, ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಬರೀ ಬಿಳಿ ಧೂಳು. ಅಂಥ ಊರಲ್ಲಿ ಬೆಟ್ಟದ ಮೇಲೆ ಒಂದು ಬಸವ ನಿಲ್ಲದೆ ನೀರು ಸುರಿಸುತ್ತಿದ್ದರೆ ಜನ ಕಾಶಿ ಅನ್ನದೆ ಇನ್ನೇನು ಅನ್ನುತ್ತಾರೆ? ಈಗಂತೂ ನಮಗೆ ದೂರದ ನೀರು ನಿಜವಾಗಿಯೂ ಬರುತ್ತಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೊಳವೆಯಲ್ಲಿ ತಂದು ನಮ್ಮ ಕೆರೆಗಳಿಗೆ ಬಿಡುತ್ತಾರೆ. ಅದೂ ಯಾರ ಕಣ್ಣಿಗೂ ಬೀಳದೆ ನೆಲದ ಕೆಳಗಿಂದಲೇ ಬರುತ್ತದೆ. ಅದಕ್ಕೆ ಮಾತ್ರ ಇನ್ನೂ ಯಾರೂ ಸ್ಥಳಪುರಾಣ ಬರೆದಿಲ್ಲ.

ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಗೋಮುಖ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, “ಕಾಶಿ ನೀರು ನಮ್ಮ ಬೆಟ್ಟದಲ್ಲೇ ಬೀಳ್ತದಲ್ಲೋ, ಇದಕ್ಕೆ ಒಂಬೈನೂರು ರೂಪಾಯಿ ಬಸ್ ಚಾರ್ಜ್ ಯಾಕೆ ಕೊಟ್ಟೆ?” ಅಂದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ, “ಇರಲಿ, ಒಂದು ಬಾಟ್ಲಿ ತಾ” ಅಂತಲೂ ಅಂದಳು.

ನೀರು ಮಾತ್ರ ಎಷ್ಟು ತಣ್ಣಗೆ ಅಂದರೆ, ಮೊದಲ ಮುಳುಗಿಗೆ ಎದೆ ಹಿಡಿದ ಹಾಗಾಗಿ ಗಟ್ಟಿಯಾಗಿ ಕೂಗಿಬಿಟ್ಟೆ. ಪಕ್ಕದಲ್ಲಿ ಮೀಯುತ್ತಿದ್ದ ಹಿರಿಯರೊಬ್ಬರು “ಮೆಲ್ಲ, ಮೆಲ್ಲ” ಅಂದರು. ಒಳಗೆ ಹೋಗಿ ಲೋಕೇಶ್ವರನ ಕಂಚಿನ ವಿಗ್ರಹ ನೋಡಿದೆವು. ಆಳುಪ ರಾಜ ಕುಂದವರ್ಮ ಅದನ್ನು ಪ್ರತಿಷ್ಠೆ ಮಾಡಿಸಿದ್ದು 968ರಲ್ಲಿ ಅಂತ ಅದರ ಪೀಠದ ಶಾಸನದಲ್ಲೇ ಇದೆ. ರಾಜನಿಗೆ ಇಸವಿ ಇದೆ. ನೀರಿಗೆ ಇಲ್ಲ. ರಾಜ ಬರುವ ಎಷ್ಟೋ ಮೊದಲೇ ಆ ಒರತೆ ಅಲ್ಲಿ ಇದ್ದಿರಬೇಕು, ಅದನ್ನು ನೋಡಿಯೇ ದೇವರು ಬಂದಿರಬೇಕು ಅಂತ ನನ್ನ ಲೆಕ್ಕ.

ಗೆಳೆಯ ಕಟ್ಟಡದ ಕೆಲಸದವನು. ಅವನದು ಬೇರೆ ವಿವರಣೆ. ಇಲ್ಲಿನ ಗುಡ್ಡ ಎಲ್ಲ ಮುರಕಲ್ಲು. ತೂತು ತೂತು ಕಲ್ಲು, ಸ್ಪಂಜಿನ ಹಾಗೆ ಮಳೆ ನೀರು ಕುಡಿಯುತ್ತದೆ. ಕೆಳಗೆ ಜೇಡಿ ಪದರ ಸಿಕ್ಕಿದಾಗ ನೀರು ಇನ್ನೂ ಇಳಿಯಲಾಗದೆ ಪಕ್ಕಕ್ಕೆ ಸರಿದು ಗುಡ್ಡದ ಬುಡದಲ್ಲಿ ಹೊರಗೆ ಬರುತ್ತದೆ. ಅಷ್ಟೇ ಕಾಶಿ. “ಹಾಗಾದರೆ ಗುಡ್ಡದ ಮೇಲೆ ಕಾಂಕ್ರೀಟು ಹಾಕಿದರೆ?” ಅಂದೆ. ಸುಮ್ಮನೆ ಮೇಲೆ ಕೈ ತೋರಿಸಿದ. ಸುತ್ತ ಎಲ್ಲ ಅಪಾರ್ಟ್‌ಮೆಂಟು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು. ಆದರೂ ನೇತ್ರಾವತಿಯ ತುಂಬೆ ಅಣೆಕಟ್ಟೆಯಲ್ಲಿ ನೀರು ಇಳಿದರೆ ಏಪ್ರಿಲ್, ಮೇಯಲ್ಲಿ ಟ್ಯಾಂಕರ್ ಓಡಾಡುತ್ತದೆ.

ಕಲ್ಲಡ್ಕದಲ್ಲಿ ಕೇಟಿ ಕುಡಿದು ಸಂಜೆಗೆ ವಿಟ್ಲ ಮುಟ್ಟಿದೆವು. ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಒಂದಕ್ಕೊಂದು ಸೇರದೆ ಗ್ಲಾಸಿನಲ್ಲಿ ನಿಲ್ಲುವ ಟೀ. ದಾರಿಯಲ್ಲಿ ಒಂದು ಅಂಗಡಿಯಲ್ಲಿ ತೆಂಗಿನ ನಾರಿನ ಹಗ್ಗ ಕೊಂಡೆ. “ಎಷ್ಟು ಕೋಲು ಬೇಕು?” ಅಂತ ಕೇಳಿದರು. ನನಗೆ ಕೋಲು ಗೊತ್ತಿಲ್ಲ. ಸುಮಾರು ಎರಡೂವರೆ ಅಡಿಗೆ ಒಂದು ಕೋಲು, ಬಾವಿಯ ಆಳ ಲೆಕ್ಕ ಹಾಕುವುದೂ ಅದರಲ್ಲೇ. ನಾಚಿಕೆ ಬೇಡ ಅಂತ ಜಾಸ್ತಿಯೇ ಹೇಳಿದೆ.

ಎರಡನೇ ದಿನ, ಆಟಿ ಅಮಾವಾಸ್ಯೆ

ಐದು ಗಂಟೆಗೆ ಎಬ್ಬಿಸಿದರು. ಕೈಗೆ ಒಂದು ಲೋಟ ಕೊಟ್ಟರು. ಪಾಲೆ ಮರದ ಕಷಾಯ.

ಈ ದಿನ ಇಡೀ ತುಳುನಾಡು ಇದನ್ನು ಕುಡಿಯುತ್ತದೆ. ಸೂರ್ಯ ಹುಟ್ಟುವ ಮೊದಲು ಹೋಗಿ ಪಾಲೆ ಮರದ ತೊಗಟೆ ತರಬೇಕು. ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಹಿಂದೆಲ್ಲ ಮೈಮೇಲೆ ನೂಲೂ ಇಲ್ಲದೆ ಹೋಗುವ ಕ್ರಮ ಇತ್ತಂತೆ. ಗೆಳೆಯನ ಅಪ್ಪ ರೈನ್‌ಕೋಟು ಹಾಕಿಕೊಂಡು ಹೋಗಿದ್ದರು. ತೊಗಟೆ ಅರೆದು ರಸ ತೆಗೆದು, ಬೆಳ್ಳುಳ್ಳಿ, ಕರಿಮೆಣಸು, ಓಮ ಹಾಕಿ, ಕೆಂಪಗೆ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಚುಸ್ ಅನ್ನುತ್ತದೆ. ಆ ಒಂದು ದಿನ ಮರದಲ್ಲಿ ಸಾವಿರ ರೋಗದ ಮದ್ದು ಇಳಿದಿರುತ್ತದೆ ಅಂತ ನಂಬಿಕೆ. ಕಹಿ ಅಂದರೆ ಅಂತಿಂಥ ಕಹಿ ಅಲ್ಲ, ನಾಲಿಗೆ ನನ್ನದೇ ಹೌದೋ ಅಲ್ಲವೋ ಅನ್ನುವ ಹಾಗಾಯಿತು. ಆಮೇಲೆ ಮೆಂತೆ ಗಂಜಿ ಕೊಟ್ಟು ಸಮಾಧಾನ ಮಾಡಿದರು. ಒಂದು ಮಾತು ಹೇಳಿಬಿಡುತ್ತೇನೆ: ಕತ್ತಲಲ್ಲಿ ಪಾಲೆ ಅಂತ ಬೇರೆ ಮರದ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರಿದವರೂ ಇದ್ದಾರೆ. ಮರ ಗೊತ್ತಿಲ್ಲದವರು ಈ ಸಾಹಸಕ್ಕೆ ಹೋಗಬೇಡಿ.

ನರಹರಿ ಪರ್ವತ ಮೇಲ್ಕಾರಿನಿಂದ ಕಲ್ಲಡ್ಕಕ್ಕೆ ಹೋಗುವ ದಾರಿಯಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಏಳುತ್ತದೆ. ಮೆಟ್ಟಿಲು ಹತ್ತಬೇಕು. ಒಂದು ಕೈಯಲ್ಲಿ ಕೊಡೆ, ಹೆಗಲಲ್ಲಿ ಹಗ್ಗದ ಸುರುಳಿ, ಜೇಬಲ್ಲಿ ಇನ್‌ಹೇಲರ್. ಉಬ್ಬಸದ ಹರಕೆ ತೀರಿಸಲು ಉಬ್ಬಸದವನನ್ನೇ ಗುಡ್ಡ ಹತ್ತಿಸುತ್ತಾರಲ್ಲ, ಇದು ಯಾವ ನ್ಯಾಯ ಅಂತ ನಾಲ್ಕು ಕಡೆ ಕೂತು ಯೋಚಿಸಿದೆ. ಗೆಳೆಯನ ಅಮ್ಮ, ಅರವತ್ತು ದಾಟಿದವರು, ನನಗಿಂತ ಮೊದಲು ಮೇಲೆ ತಲುಪಿ ಯಾರದೋ ಜೊತೆ ಪಟ್ಟಾಂಗ ಹೊಡೆಯುತ್ತಿದ್ದರು.

ಮೇಲೆ ಸದಾಶಿವ ದೇವಸ್ಥಾನ. ಪಕ್ಕದ ಬಂಡೆಯಲ್ಲಿ ನಾಲ್ಕು ತೀರ್ಥ. ಶಂಖ, ಚಕ್ರ, ಗದೆ, ಪದ್ಮ. ಕುರುಕ್ಷೇತ್ರ ಮುಗಿದ ಮೇಲೆ ಕೊಂದ ಪಾಪ ಕಳೆಯಲು ಅರ್ಜುನ, ಕೃಷ್ಣ ಇಲ್ಲಿಗೆ ಬಂದರು, ಅರ್ಜುನ ನರ, ಕೃಷ್ಣ ಹರಿ, ಅದಕ್ಕೆ ಈ ಹೆಸರು. ಶಿವನಿಗೆ ಅಭಿಷೇಕ ಮಾಡಲು ನೀರು ಬೇಕಾಯಿತು, ಕೃಷ್ಣ ತನ್ನ ಕೈಯಲ್ಲಿದ್ದ ನಾಲ್ಕರಿಂದ ನಾಲ್ಕು ಬಾವಿ ತೋಡಿದ. ಈ ಕಥೆ ನನಗೆ ಬಹಳ ಹಿಡಿಸಿತು. ಚಕ್ರದಲ್ಲಿ, ಗದೆಯಲ್ಲಿ ತೋಡಬಹುದು, ಒಪ್ಪೋಣ. ತಾವರೆ ಹೂವಿನಿಂದ ಬಂಡೆಯನ್ನು ಹೇಗೆ ತೋಡಿದ? ಅಮ್ಮನನ್ನು ಕೇಳಿದೆ. “ಅದಕ್ಕೇ ಅವನು ದೇವರು” ಅಂದರು.

ಮೋಡ ಕೆಳಗಿತ್ತು. ಬಂಡೆಯ ತುದಿಗೆ ಬಂದರೆ ಒಂದು ಕ್ಷಣ ನೇತ್ರಾವತಿ ಕೆಂಪಗೆ ಹರಿಯುವುದು ಕಾಣುತ್ತಿತ್ತು, ಮರುಕ್ಷಣ ಬಿಳಿ. ಜನವೋ ಜನ. ಹೊಸದಾಗಿ ಮದುವೆಯಾದವರು ಜಾಸ್ತಿ. ಆಟಿ ತಿಂಗಳಲ್ಲಿ ಹೊಸ ಸೊಸೆ ತವರಿಗೆ ಹೋಗುವ ರೂಢಿ, ಅಮಾವಾಸ್ಯೆಯ ದಿನ ಗಂಡ ಹೆಂಡತಿ ಒಟ್ಟಿಗೆ ತೀರ್ಥಸ್ನಾನಕ್ಕೆ ಬರುತ್ತಾರೆ. ಒಂದು ಜೋಡಿ ಒಂದೇ ಟವೆಲಿಗೆ ಜಗಳ ಆಡುತ್ತಿತ್ತು. ನೀರಿಗೆ ಇಳಿಯುವ ಮುಂಚೆ ವೀಳ್ಯದೆಲೆ, ಅಡಿಕೆ ತೇಲಿಬಿಟ್ಟರು. ಗಂಗೆಗೆ ಬರಿಗೈಯಲ್ಲಿ ಹೋಗಬಾರದು.

ಈ ಮದುವೆ, ಬಾವಿ ನಂಟು ಬರೀ ಇಲ್ಲಿಯದಲ್ಲ. ಕೊಡಗಿನ ಸಹೋದ್ಯೋಗಿಯೊಬ್ಬನ ಮದುವೆಗೆ ಹೋಗಿದ್ದೆ. ಮದುಮಗಳು ಗಂಡನ ಮನೆಯ ಬಾವಿಗೆ ಪೂಜೆ ಮಾಡಿ ತಲೆ ಮೇಲೆ ನೀರಿನ ಕೊಡ ಹೊತ್ತು ನಿಂತಳು, ಗಂಡನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿಗೆ ಅಡ್ಡ. ಅವಳು ಒಂದು ಹೆಜ್ಜೆ ಮುಂದೆ ಬಂದರೆ ಇವರು ಅರ್ಧ ಹೆಜ್ಜೆ ಹಿಂದೆ. ಗಂಟೆಗಟ್ಟಲೆ. ಪಾಪ ಅನ್ನಿಸಿತ್ತು ಆಗ. ನಮ್ಮಲ್ಲೂ ಮದುವೆ ಮನೆಗೆ ಬಾವಿಯಿಂದ ಗಂಗೆ ತರುತ್ತಾರೆ. ಬಾವಿ ಒಣಗಿ ಮೂವತ್ತು ವರ್ಷ ಆದ ಕಾರಣ ನನ್ನ ಅಕ್ಕನ ಮದುವೆಯಲ್ಲಿ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕೊಡ ತುಂಬಿಸಿದೆವು. ಯಾರೂ ನಗಲಿಲ್ಲ.

ಹಗ್ಗ ಒಪ್ಪಿಸಿದೆ. ಪ್ರಾರ್ಥನೆ ಹೇಳಿ ಪ್ರಸಾದ ಕೊಟ್ಟರು, ಎರಡು ನಿಮಿಷದ ಕೆಲಸ. ಎರಡು ವರ್ಷದಿಂದ ತಲೆ ಮೇಲಿದ್ದ ಬಾಕಿ ಇಷ್ಟು ಬೇಗ ಮುಗಿಯಿತಾ ಅನ್ನಿಸಿತು. ನಾನು ಕೊಂಡದ್ದು ತೀರಾ ಉದ್ದ ಆಗಿತ್ತು. ಅಮ್ಮ ಮನೆಯಲ್ಲೇ ಕತ್ತರಿಸಿ ಆರೇಳು ಕೋಲು ಹಗ್ಗ ಉಳಿಸಿಕೊಂಡಿದ್ದರು. ಹರಕೆಯ ಹಗ್ಗದಲ್ಲಿ ಉಳಿತಾಯ ಮಾಡಬಹುದಾ ಅಂತ ಕೇಳಿದೆ. ಹರಕೆ ಹೇಳುವಾಗ ಉದ್ದ ಹೇಳಿರಲಿಲ್ಲವಂತೆ.

ನೀವು ಕೇಳುವ ಮೊದಲೇ ಹೇಳುತ್ತೇನೆ. ಇನ್‌ಹೇಲರ್ ಬಿಟ್ಟಿಲ್ಲ. ಇಳಿದ ಮೇಲೆ ಕಾರಿನಲ್ಲಿ ಕೂತು ಎರಡು ಪಫ್ ತೆಗೆದುಕೊಂಡೆ. ಅಮ್ಮ ಅದನ್ನು ನೋಡಿದರೂ ಏನೂ ಅನ್ನಲಿಲ್ಲ. ಅವರ ಮಟ್ಟಿಗೆ ಅದು ಬೇರೆ, ಇದು ಬೇರೆ.

ಮಧ್ಯಾಹ್ನ ಕಾರಿಂಜ. ವಗ್ಗದ ಹತ್ತಿರ, ಕಪ್ಪು ಬಂಡೆಯ ದೊಡ್ಡ ಬೆಟ್ಟ. ಅಲ್ಲಿ ಭೀಮನ ಕಾರುಬಾರು. ಗದೆ ಬಿದ್ದಲ್ಲಿ ಗದಾತೀರ್ಥ, ಮೊಣಕಾಲು ಊರಿದಲ್ಲಿ ಜಾನು ತೀರ್ಥ, ಹೆಬ್ಬೆರಳು ಒತ್ತಿದಲ್ಲಿ ಅಂಗುಷ್ಠ ತೀರ್ಥ. ಬೆಳಿಗ್ಗೆ ಕೃಷ್ಣ ಹೂವಿನಿಂದ ಬಾವಿ ತೋಡಿದ್ದನ್ನು ಕೇಳಿ ಬಂದವನಿಗೆ ಭೀಮ ಸುಮ್ನೆ ಮೊಣಕಾಲು ಊರಿದ್ದಕ್ಕೇ ನೀರು ಬಂತು ಅಂದರೆ ಆಶ್ಚರ್ಯ ಆಗಲಿಲ್ಲ. ಬೆಟ್ಟಕ್ಕೂ ಯುಗಕ್ಕೊಂದು ಹೆಸರು: ರೌದ್ರಗಿರಿ, ಗಜೇಂದ್ರಗಿರಿ, ಭೀಮಶೈಲ, ಈಗ ಕಾರಿಂಜ. ಬುಡದಲ್ಲೇ ಗದಾತೀರ್ಥ, ಅಲ್ಲೂ ಅಮಾವಾಸ್ಯೆಯ ಸ್ನಾನದ ಜಾತ್ರೆ. ನಾನು ಎದೆ ಸಾಕು ಅಂದದ್ದಕ್ಕೆ ಮೇಲೆ ಹತ್ತಲಿಲ್ಲ. ಕೆಳಗೆ ಕೂತು ಮಂಗಗಳಿಗೆ ಹೆದರಿ ಕೊಡೆ ಹಿಡಿದುಕೊಂಡಿದ್ದೆ. ಈ ಬೆಟ್ಟದ ಸುತ್ತಮುತ್ತ ಕಲ್ಲು ಗಣಿಗಾರಿಕೆ ಬೇಡ ಅಂತ 2021ರಲ್ಲಿ ಜನ ಪ್ರತಿಭಟನೆಗೆ ಇಳಿದಿದ್ದರು. ಭೀಮನ ಗದೆಗೆ ತಡೆದುಕೊಂಡ ಬಂಡೆ, ಸಿಡಿಮದ್ದಿಗೆ ತಡೆದುಕೊಳ್ಳುವುದು ಕಷ್ಟ.

ಮೂರನೇ ದಿನ, ಶುಕ್ರವಾರ

ಇದು ದಂಡ ಹೋದ ದಿನ.

ನೆಲ್ಲಿತೀರ್ಥ ನೋಡಬೇಕು ಅಂತ ಹಟ ಹಿಡಿದದ್ದು ನಾನೇ. ಕಟೀಲಿನ ಆಚೆ, ಸೋಮನಾಥೇಶ್ವರನ ಗುಹೆ. ಮೊಣಕಾಲಲ್ಲಿ ತೆವಳಿಕೊಂಡು ಒಳಗೆ ಹೋಗಬೇಕು, ಒಳಗೆ ಕೆರೆ, ಲಿಂಗ, ಚಾವಣಿಯಿಂದ ನೆಲ್ಲಿಕಾಯಿ ಗಾತ್ರದ ಹನಿ ಬೀಳುತ್ತದೆ, ಹೆಸರು ಬಂದದ್ದೇ ಹಾಗೆ ಅಂತ ಎಲ್ಲ ಓದಿಕೊಂಡಿದ್ದೆ. ಒಂದನ್ನು ಬಿಟ್ಟು. ಗುಹೆ ತೆರೆಯುವುದು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ಮಳೆಗಾಲದಲ್ಲಿ ಮುಚ್ಚಿರುತ್ತದೆ. ಆ ತಿಂಗಳುಗಳಲ್ಲಿ ಒಳಗೆ ದೇವತೆಗಳು, ಋಷಿಗಳು ಪೂಜೆ ಮಾಡುತ್ತಾರೆ, ಮನುಷ್ಯರು ಹೋಗಬಾರದು ಅಂತ ಅಲ್ಲಿ ಸಿಕ್ಕ ಒಬ್ಬರು ಹೇಳಿದರು. ನೀರು ಏರುವ ಗುಹೆಗೆ ಇದಕ್ಕಿಂತ ಒಳ್ಳೆ ಬೀಗ ಇಲ್ಲ. ‘ಅಪಾಯ’ ಅಂತ ಬೋರ್ಡ್ ಹಾಕಿದ್ದರೆ ನನ್ನಂಥವನು ದಾಟಿ ಹೋಗಲು ನೋಡುತ್ತಿದ್ದನೋ ಏನೋ. ಋಷಿಗಳಿದ್ದಾರೆ ಅಂದಾಗ ಹೊರಗಿನಿಂದಲೇ ಕೈಮುಗಿದು ಬಂದೆ.

ಬರುವಾಗ ಕಟೀಲಿನಲ್ಲಿ ಊಟ. ನಂದಿನಿ ಹೊಳೆ ದೇವಸ್ಥಾನದ ಎರಡೂ ಬದಿಯಲ್ಲಿ ಕೆಂಪಗೆ ಉಕ್ಕುತ್ತಿತ್ತು. ಮಾತಾಡಿದ್ದು ಕೇಳಿಸದಷ್ಟು ಸದ್ದು.

ರಾತ್ರಿ ಅಡುಗೆಮನೆಯಲ್ಲಿ ನೆಲ್ಲಿಯ ಮಾತು ಮುಂದುವರಿಯಿತು. ಬಾವಿ ತೋಡಿದ ಮೇಲೆ ತಳಕ್ಕೆ ನೆಲ್ಲಿ ಮರದ ಕೊರಡು ಹಾಕುವುದು ಇಲ್ಲಿಯ ಕ್ರಮ. ನೀರು ಸಿಹಿಯಾಗುತ್ತದೆ ಅಂತ. ಈ ಮನೆಯ ಬಾವಿಯಲ್ಲೂ ಇದೆ, ಅಜ್ಜನ ಕಾಲದಲ್ಲಿ ಹಾಕಿದ್ದು. ಒಂದೆರಡು ಮೀನು ಬಿಟ್ಟಿರುತ್ತಾರೆ, ಹುಳ ತಿನ್ನಲಿ ಅಂತ. ಮುಸ್ಸಂಜೆ ಆದ ಮೇಲೆ ನೀರು ಸೇದಬಾರದು. ನಡುಮಧ್ಯಾಹ್ನ ಬಾವಿಗೆ ಬಗ್ಗಬಾರದು. ಬಸುರಿ ಹೆಂಗಸು ಬಾವಿಕಟ್ಟೆ ಹತ್ತಬಾರದು. ಬಾಣಂತನ ಮುಗಿದ ಮೇಲೆ ಅವಳು ಮೊದಲು ಹೋಗುವುದೇ ಬಾವಿಗೆ. ಎಲೆ, ಅಡಿಕೆ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿ ಕೊಡ ಎಳೆದ ದಿನದಿಂದ ಮತ್ತೆ ಮನೆಕೆಲಸ ಶುರು. “ಪೂಜೆ ಏನೋ ಚಂದವೇ, ಅದರ ಮರುದಿನದಿಂದ ನಲವತ್ತು ಕೊಡ ನೀರು” ಅಂತ ಅಮ್ಮ ನಕ್ಕರು. ಪಂಪು ಬಂದದ್ದು ಅವರಿಗೆ ಮೂವತ್ತೈದು ವರ್ಷ ಆದ ಮೇಲಂತೆ. ಅಷ್ಟು ಕೊಡ ಎಳೆದ ಭುಜ ಈಗ ಮೇಲೆ ಎತ್ತಲು ಆಗುವುದಿಲ್ಲ. ಅದಕ್ಕೆ ಯಾವ ಹರಕೆ ಹೇಳಿದ್ದೀರಿ ಅಂತ ಕೇಳಿದೆ. ಅವರದೇ ನೋವಿಗೆ ಯಾವುದನ್ನೂ ಹೇಳಿಕೊಂಡಿರಲಿಲ್ಲ.

ನಾಲ್ಕನೇ ದಿನ, ಶನಿವಾರ

ಬೆಳಿಗ್ಗೆ ನೆರೆಮನೆಯ ತೋಟಕ್ಕೆ ಹೋದೆವು. ಸುರಂಗ ನೋಡಲು.

ಮೂರು ದಿನದಿಂದ ನೆಲದೊಳಗಿನ ದಾರಿಯ ಕಥೆಯೇ ಕೇಳುತ್ತಿದ್ದೆನಲ್ಲ, ಇಲ್ಲಿ ನಿಜವಾದದ್ದು ಸಿಕ್ಕಿತು. ಬಂಟ್ವಾಳ, ಪುತ್ತೂರು, ಕಾಸರಗೋಡು ಕಡೆಯ ಗುಡ್ಡಗಳಲ್ಲಿ ಬಾವಿಗೆ ಬದಲು ಅಡ್ಡಕ್ಕೆ ಸುರಂಗ ಕೊರೆಯುತ್ತಾರೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಎರಡು ಭುಜ ತಾಗುವಷ್ಟು ಅಗಲ. ಮುರಕಲ್ಲಿನೊಳಗೆ ನೀರಿನ ಸೆಲೆ ಸಿಗುವವರೆಗೂ ಕೊರೆಯುತ್ತ ಹೋಗಬೇಕು. ಸಿಕ್ಕರೆ ನೀರು ತಾನಾಗೇ ಇಳಿಜಾರಿನಲ್ಲಿ ಹೊರಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ, ಹಗ್ಗವೂ ಬೇಡ. ಒಳಗೆ ಹೋಗುವಾಗ ದೀಪ ಹಿಡಿದಿರಬೇಕು. ದೀಪ ನಂದಿದರೆ ಗಾಳಿ ಸಾಲದು ಅಂತ ಲೆಕ್ಕ, ಹಿಂದೆ ಬಾ. ಉಬ್ಬಸದವನಿಗೆ ಕೇಳಿಯೇ ಉಸಿರು ಕಟ್ಟಿತು.

ಈ ತೋಟದ್ದು ನಲವತ್ತು ಕೋಲು ಉದ್ದವಂತೆ. ಮಳೆಗಾಲದಲ್ಲಿ ಕುಸಿಯುವ ಭಯ, ಬಾಯಿಯ ಹತ್ತಿರಕ್ಕಿಂತ ಮುಂದೆ ಬಿಡಲಿಲ್ಲ. ಬಗ್ಗಿ ನೋಡಿದೆ. ತಣ್ಣನೆ ಗಾಳಿ, ಬಾವಲಿಯ ವಾಸನೆ, ಒಳಗೆಲ್ಲೋ ಕಪ್ಪೆ. ಕಾಲ ಕೆಳಗೆ ಬೆರಳಿನಷ್ಟು ದಪ್ಪದ ನೀರು ಸದ್ದಿಲ್ಲದೆ ಹರಿದು ಬಂದು ಮಣ್ಣಿನ ತೊಟ್ಟಿಗೆ ಬೀಳುತ್ತಿತ್ತು.

ಇದೇ ಸೀಮೆಯ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ನೆನಪಿರಬಹುದು. ಬೋಳು ಗುಡ್ಡದಲ್ಲಿ ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದವರು. ಒಂದಾದ ಮೇಲೆ ಒಂದು ಐದು ಸೋತವು, ಆರನೆಯದರಲ್ಲಿ ನೀರು ಸಿಕ್ಕಿತು. ನನಗೆ ಆ ಐದರ ಬಗ್ಗೆಯೇ ಯೋಚನೆ. ಐದನೆಯದನ್ನು ಬಿಟ್ಟು ಹೊರಗೆ ಬಂದ ಸಂಜೆ ಮನೆಯಲ್ಲಿ ಏನು ಹೇಳಿರಬಹುದು? ಕೃಷ್ಣನಿಗೆ ಒಂದು ಹೂವು ಸಾಕಾಯಿತು.

ತೊಟ್ಟಿಯ ಹತ್ತಿರ ಅಡಿಕೆ ಸೋಗೆ ಎಳೆಯುತ್ತಿದ್ದ ಹಿರಿಯ ಆಳೊಬ್ಬರು ಮಾತಿಗೆ ಸಿಕ್ಕಿದರು. ಅವರ ಅಪ್ಪ ಬಾವಿ, ಸುರಂಗ ಕೊರೆಯುವ ಕೆಲಸಕ್ಕೆ ಹೋಗುತ್ತಿದ್ದವರು. “ನೀರು ಸಿಗುವವರೆಗೆ ನಮ್ಮವರು ಒಳಗೆ. ಸಿಕ್ಕಿದ ಮೇಲೆ ಪೂಜೆ ಮಾಡ್ತಾರೆ, ಆಮೇಲೆ ನಮ್ಮವರು ಮುಟ್ಟಲಿಕ್ಕಿಲ್ಲ. ಆಗ ಹಾಗೆ ಇತ್ತು” ಅಂದರು, ಸೋಗೆ ಎಳೆಯುತ್ತಲೇ. ಯಾರ ಮೇಲೂ ಸಿಟ್ಟಿಲ್ಲದ ದನಿ. ನನಗೇ ಏನು ಹೇಳಬೇಕು ಗೊತ್ತಾಗಲಿಲ್ಲ. ಕಾಶಿಯಿಂದ ಇಲ್ಲಿಯವರೆಗೆ ಬರಲು ಗಂಗೆಗೆ ದಾರಿ ಸಿಕ್ಕಿತು, ಬಾವಿಕಟ್ಟೆಯಿಂದ ಅವರ ಕೊಡಕ್ಕೆ ಹೋಗಲು ಸಿಗಲಿಲ್ಲ. 1927ರಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ ದಲಿತರಿಗೆ ಮುಟ್ಟಲು ಬಿಡದ ಕೆರೆಗೆ ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಒಂದು ಬೊಗಸೆ ನೀರು ಕುಡಿದದ್ದು ಇದಕ್ಕೇ ಅಲ್ವಾ. ತೀರ್ಥದ ಕಥೆ ಬರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನಾನೂ ಇಲ್ಲಿಯವರೆಗೆ ಹಾರಿಸಿಯೇ ಬಂದೆ.

ಮಧ್ಯಾಹ್ನ ಗಡಿ ದಾಟಿ ಕಾಸರಗೋಡಿನ ಅನಂತಪುರಕ್ಕೆ. ಕುಂಬಳೆಯ ಹತ್ತಿರ. ರಾಜ್ಯ ಕೇರಳ, ಆದರೆ ದಾರಿ ಉದ್ದಕ್ಕೂ ಕನ್ನಡ, ತುಳು ಕಿವಿಗೆ ಬೀಳುತ್ತಲೇ ಇತ್ತು. ಮುರಕಲ್ಲಿನ ಬಯಲಿನ ನಡುವೆ ಚೌಕಾಕಾರದ ಕೆರೆ, ಕೆರೆಯ ನಡುವೆ ಅನಂತಪದ್ಮನಾಭನ ಗುಡಿ. ಕೆರೆಯ ಮೂಲೆಯಲ್ಲಿ ಒಂದು ಗುಹೆ. ಬಿಲ್ವಮಂಗಲ ಸ್ವಾಮಿಗಳ ಪೂಜೆಗೆ ನೆರವಾಗುತ್ತಿದ್ದ ಒಬ್ಬ ಪೋರ ಒಂದು ದಿನ ತುಂಟಾಟ ಮಾಡಿದ, ಸ್ವಾಮಿಗಳು ಎಡಗೈಯಲ್ಲಿ ತಳ್ಳಿದರು, ಹುಡುಗ ಈ ಗುಹೆಯೊಳಗೆ ಮಾಯವಾದ. ಹುಡುಕಿಕೊಂಡು ಹೋದ ಸ್ವಾಮಿಗಳು ತಿರುವನಂತಪುರದವರೆಗೂ ಹೋದರು, ಅಲ್ಲಿ ಪದ್ಮನಾಭನಾಗಿ ದರ್ಶನ ಸಿಕ್ಕಿತು. ಹಾಗಾಗಿ ಇದು ಮೂಲಸ್ಥಾನ. ಗುಹೆ ಈಗಲೂ ತಿರುವನಂತಪುರಕ್ಕೆ ಹೋಗುತ್ತದೆ ಅಂತ ನಂಬಿಕೆ. ಕಾಶಿಗೆ ಹೋಲಿಸಿದರೆ ಹತ್ತಿರವೇ.

ಆದರೆ ಜನ ಇಲ್ಲಿ ಕೇಳುವುದು ಮೊಸಳೆಯನ್ನು. ಬಬಿಯಾ. ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆ. 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಆಗ ಇದ್ದ ಮೊಸಳೆಗೆ ಗುಂಡು ಹೊಡೆದನಂತೆ, ಹಾವು ಕಚ್ಚಿ ಸತ್ತನಂತೆ, ಕೆಲವೇ ದಿನದಲ್ಲಿ ಇದು ಕಾಣಿಸಿಕೊಂಡಿತಂತೆ. 2022ರ ಅಕ್ಟೋಬರ್ 9ಕ್ಕೆ ಬಬಿಯಾ ಸತ್ತಾಗ ಜನ ಸಾಲಾಗಿ ನಿಂತು ಅಂತಿಮ ದರ್ಶನ ಪಡೆದರು, ದೇವಸ್ಥಾನದ ಆವರಣದಲ್ಲೇ ಮಣ್ಣು ಮಾಡಿದರು. ಸರಿ, ಮುಗಿಯಿತು ಅಂದುಕೊಂಡರೆ 2023ರ ನವೆಂಬರಿನಲ್ಲಿ ಇನ್ನೊಂದು ಮರಿ ಮೊಸಳೆ ಕೆರೆಯಲ್ಲಿ ಕಂಡಿತು. ಎಲ್ಲಿಂದ ಬಂತು? ಗೆಳೆಯ ಎಲ್ಲಕ್ಕೂ ಮುರಕಲ್ಲು, ಜೇಡಿ ಪದರ ಅಂತ ಹೇಳುವವನು. ಇದಕ್ಕೆ ಮಾತ್ರ ಗುಹೆಯ ಕಡೆ ನೋಡಿ ಸುಮ್ಮನಾದ. ನಮಗೆ ಮೊಸಳೆ ಕಾಣಲಿಲ್ಲ. ಮಳೆ ಹನಿ ಬಿದ್ದು ಕೆರೆಯೆಲ್ಲ ಗುಳ್ಳೆ. ಪ್ರತಿ ಗುಳ್ಳೆಯೂ ಮೂಗಿನ ಹಾಗೆ ಕಾಣುತ್ತಿತ್ತು.

ಮನೆಗೆ ಬಂದಾಗ ಕರೆಂಟು ಹೋಗಿತ್ತು. ಆಟಿಯ ಗಾಳಿಗೆ ಎಲ್ಲೋ ಮರ ಬಿದ್ದಿದೆ, ಇನ್ನು ನಾಳೆಯೇ ಅಂದರು. ಪಂಪು ಇಲ್ಲ, ಟ್ಯಾಂಕಿಯಲ್ಲಿ ನೀರಿಲ್ಲ. ನಾನು ಉತ್ಸಾಹದಿಂದ ಉಳಿದ ಹಗ್ಗ ತಂದು ಬಾವಿಯ ರಾಟೆಗೆ ಹಾಕಲು ಹೊರಟೆ. ಜೀವಮಾನದಲ್ಲಿ ಬಾವಿ ನೀರು ಸೇದಿದವನಲ್ಲ, ಇವತ್ತು ಸೇದಿಯೇ ಬಿಡೋಣ ಅಂತ.

ಅಮ್ಮ ಟಾರ್ಚು ಹಿಡಿದು ಬಂದರು. “ಎಂತ ಮಾಡ್ತಿ ಮಾರಾಯ?” ಅಂದು ಬೆಳಕನ್ನು ಬಾವಿಯೊಳಗೆ ಬಿಟ್ಟರು. ನೀರು ಕಟ್ಟೆಯಿಂದ ಒಂದು ಗೇಣು ಕೆಳಗಿತ್ತು. ಬಗ್ಗಿ ಕೈಯಲ್ಲೇ ಕೊಡ ಮುಳುಗಿಸಿದರು, ಗುಳುಗುಳು ತುಂಬಿತು, ನನ್ನ ಸೊಂಟಕ್ಕೆ ಇಟ್ಟರು.

“ಹಗ್ಗ ಎಲ್ಲಿಡಲಿ?”

“ಅಟ್ಟದಲ್ಲಿಡು. ಮಾರ್ಚ್ ತಿಂಗಳಿಗೆ ಬೇಕಾಗ್ತದೆ.”